ಹೊಸ ಅಳಿಯನಿಗೆ ಬಡಿಸಿದ ಕೊನೆಯ ಓವರ್

ನಮ್ಮ ತಂಡದಲ್ಲಿ ಕೊನೆಯ ಓವರ್ ಹಾಕುತ್ತಿದ್ದವರು ನನ್ನ ತಂಗಿಯ ಗಂಡ. ಆ ಕೆಲಸವನ್ನು ಅವರಿಗೆ ಕೊಟ್ಟವನು ನಾನು, ಕ್ಯಾಪ್ಟನ್. ಕೊಟ್ಟದ್ದಕ್ಕೆ ಕಾರಣವೂ ಇತ್ತು, ಆದರೆ ಅದಕ್ಕೂ ಕ್ರಿಕೆಟ್ಟಿಗೂ ಸಂಬಂಧವಿರಲಿಲ್ಲ.

ಮದುವೆಯಾದ ಎರಡೇ ತಿಂಗಳಿಗೆ ಭಾವ ತಂಗಿಯನ್ನು ಕರೆದುಕೊಂಡು ನಾನಿರುವ ದೋಹಾಕ್ಕೆ ಬಂದು ಅಲ್ ಗರಾಫಾದಲ್ಲಿ ಮನೆ ಮಾಡಿದ್ದರು. ನಮ್ಮ ಬ್ಯಾರಿಗಳಲ್ಲಿ ಹೊಸ ಅಳಿಯನಿಗೆ ಪುದಿಯಾಪ್ಲೆ ಎನ್ನುತ್ತೇವೆ. ಹೆಣ್ಣಿನ ಮನೆಯವರ ಮಟ್ಟಿಗೆ ಅವನು ಅರಸ. ಕಾರಿನಲ್ಲಿ ಮುಂದಿನ ಸೀಟು ಅವನದು, ಕೋಳಿಯಲ್ಲಿ ಕಾಲು ಅವನದು. ಬಡಿಸಲು ಹೋದಾಗ ಅವನು ಬೇಡ ಎನ್ನುತ್ತಾನೆ. ಎನ್ನಲೇಬೇಕು, ಇಲ್ಲವಾದರೆ ಹೊಟ್ಟೆಬಾಕ ಎಂಬ ಹೆಸರು ಬರುತ್ತದೆ. ಅವನು ಬೇಡ ಎಂದ ಮಾತ್ರಕ್ಕೆ ನಾವು ಬಿಡುವಂತಿಲ್ಲ, ಬಿಟ್ಟರೆ ಜಿಪುಣರು ಎಂಬ ಹೆಸರು ನಮಗೆ. ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲಾದರೂ ಒಂದು ಸೌಟು ಸುರಿಯಬೇಕು.

ಭಾವ ಮೊದಲ ಸಲ ನಮ್ಮೊಂದಿಗೆ ಆಡಲು ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ನಮ್ಮದು ಟೆನಿಸ್ ಬಾಲ್ ಕ್ರಿಕೆಟ್ ಲೀಗ್. ತಲಾ ಹತ್ತು ಓವರ್, ಜುಮಾ ನಮಾಜಿಗೆ ಮೊದಲೇ ಖಲಾಸ್. ಅಂದು ಎದುರಾಳಿಗಳಿಗೆ ಕೊನೆಯ ಓವರಿನಲ್ಲಿ ಒಂಬತ್ತು ರನ್ ಬೇಕಿತ್ತು. ಇಷ್ಟು ದೊಡ್ಡ ಮರ್ಯಾದೆಯನ್ನು ಮನೆಯ ಹೊಸ ಅಳಿಯ ಅಲ್ಲೇ ಬೌಂಡರಿಯಲ್ಲಿ ನಿಂತಿರುವಾಗ ಬೇರೆಯವರಿಗೆ ಕೊಡಲು ನನಗೆ ಮನಸ್ಸು ಬರಲಿಲ್ಲ. ಚೆಂಡು ಹಿಡಿದುಕೊಂಡು ಅವರ ಬಳಿ ಹೋದೆ.

"ಬೇಡ ಭಾವ," ಎಂದರು.

"ತಗೊಳ್ಳಿ ಭಾವ."

"ಅಲ್ಲ, ನನಗೆ ಬೇಡ."

"ಹಾಗೆಲ್ಲ ಹೇಳ್ಲಿಕ್ಕಿಲ್ಲ," ಎಂದು ಅವರ ಅಂಗೈ ಬಿಡಿಸಿ ಚೆಂಡು ಇಟ್ಟೆ.

ಆ ಓವರಿನಲ್ಲಿ ಒಬ್ಬ ಓಡುವಾಗ ಜಾರಿ ಬಿದ್ದು ರನ್ ಔಟಾದ, ಇನ್ನೊಬ್ಬ ತನ್ನ ಬ್ಯಾಟಿನಿಂದಲೇ ಸ್ಟಂಪ್ ಉರುಳಿಸಿಕೊಂಡ. ಎರಡು ರನ್ನಿನಿಂದ ಗೆದ್ದೆವು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಸುಮ್ಮನಿರಬೇಕಿತ್ತು. ನಾನು ಮಾತ್ರ ಕೊನೆಯ ಓವರ್ ಇನ್ನು ಮುಂದೆ ಭಾವನದೇ ಎಂದು ಎಲ್ಲರ ಎದುರು ಘೋಷಿಸಿಬಿಟ್ಟೆ.

ಆಮೇಲಿನ ನಾಲ್ಕು ಶುಕ್ರವಾರ ನಾಲ್ಕು ಸೋಲು, ಎಲ್ಲವೂ ಕೊನೆಯ ಓವರಿನಲ್ಲಿ. ಭಾವನ ಚೆಂಡು ಎಲ್ಲಿ ಬೀಳುತ್ತದೆಂದು ಅವರಿಗೂ ತಿಳಿಯುತ್ತಿರಲಿಲ್ಲ. ಒಮ್ಮೆಯಂತೂ ದೂರದಲ್ಲಿ ತನ್ನ ಪಾಡಿಗೆ ನಿಂತಿದ್ದ ಲೆಗ್ ಅಂಪೈರನ ಟೋಪಿ ಹಾರಿಹೋಯಿತು. ಅಂಪೈರ್ ಟೋಪಿ ಎತ್ತಿಕೊಂಡು, ಧೂಳು ಕೊಡವಿ, ಎರಡೂ ಕೈ ಚಾಚಿ ವೈಡ್ ಕೊಟ್ಟ.

ನಾನು ಕೆಲಸ ಮಾಡುವುದು ಮೆಸಯೀದ್‌ನ ಪ್ಲಾಂಟಿನಲ್ಲಿ. ವಾರದ ರಜೆ ಮುಗಿದು ಭಾನುವಾರ ಬೆಳಿಗ್ಗೆ ಕಂಪನಿ ಬಸ್ ಹತ್ತಿದರೆ ಇಳಿಯುವವರೆಗೂ ಇದೇ ಚರ್ಚೆ. ನಮ್ಮ ವಿಕೆಟ್ ಕೀಪರ್ ವಿಜಯಪುರದ ಕಡೆಯವನು, ನಮ್ಮಲ್ಲೇ ಫಿಟ್ಟರ್. ಅವನೇ ಶುರು ಮಾಡಿದ.

"ಸಾಹೇಬ್ರ, ನಿಮ್ಮ ಭಾವನ್ನ ಮದ್ಲ ಹೊರಗ ಕೂಡಸ್ರಿ. ವೈಡ್ ಹಿಡ್ಯಾಕ ಹಾರಿ ಹಾರಿ ನನ್ನ ಮೊಣಕಾಲು ಹೋಗ್ಯಾವು."

ನಮ್ಮ ಊರಿನ ಕಡೆಯವರೇ ಆದ, ಕ್ರೇನ್ ನಡೆಸುವ ಹಿರಿಯರೊಬ್ಬರು ಹಿಂದಿನ ಸೀಟಿನಿಂದ ತಲೆ ಹಾಕಿದರು. "ಹೆಣ್ಣು ಕೊಟ್ಟವರು ಅಳಿಯನ ಕೈಯಿಂದ ಬಾಲ್ ಕಿತ್ಕೊಳ್ಳುದುಂಟಾ ಮಾರಾಯ? ಊರಲ್ಲಿ ಎಂತ ಹೇಳಿಯಾರು?"

"ಕಿತ್ಕೋಬ್ಯಾಡ್ರಿ. ಐದನೇ ಓವರ್ ಕೊಡ್ರಿ. ಅವಾಗ ಎಷ್ಟ ರನ್ ಹೋದ್ರೂ ಯಾರ ನೆನಪಿಟ್ಕೋತಾರ?"

"ಇಷ್ಟು ದಿನ ಬಿರಿಯಾನಿ ಬಡಿಸಿ ಇನ್ನು ಗಂಜಿ ಬಡಿಸುದಾ?"

ಬಸ್ಸಿನ ಎಡಗಡೆಯವರೆಲ್ಲ ಕೀಪರ್ ಪಕ್ಷ, ಬಲಗಡೆಯವರು ಹಿರಿಯರ ಪಕ್ಷ. ಕ್ರಿಕೆಟ್ ಎಂದರೆ ಏನೆಂದು ತಿಳಿಯದ ಒಬ್ಬರು, ಭಾವನನ್ನೇ ಕ್ಯಾಪ್ಟನ್ ಮಾಡಿದರೆ ಬೌಲಿಂಗ್ ತಾನಾಗಿ ತಪ್ಪುತ್ತದಲ್ಲ ಎಂದರು. ಮಲಯಾಳಿ ಡ್ರೈವರ್ ರೇಡಿಯೋ ನಿಲ್ಲಿಸಿ ನಮ್ಮ ಮಾತಿಗೆ ಕಿವಿಗೊಟ್ಟ.

ಕ್ಯಾಂಟೀನಿಗೂ ವಿಷಯ ಹೋಯಿತು. ನಮ್ಮ ಸೂಪರ್‌ವೈಸರ್ ಅಮೆರಿಕದವರು, ಬೇಸ್‌ಬಾಲ್ ಹುಚ್ಚಿನವರು. ಅವರ ಆಟದಲ್ಲೂ ಕೊನೆಗೆ ಬಂದು ಪಂದ್ಯ ಮುಗಿಸಿಕೊಡಲೆಂದೇ ಒಬ್ಬ ಎಸೆತಗಾರ ಇರುತ್ತಾನಂತೆ. ಅವರ ಮೆಚ್ಚಿನ ತಂಡದಲ್ಲಿದ್ದ ಅಂಥವನು ಆ ವರ್ಷ ಗೆಲ್ಲುವಂತಿದ್ದ ಪಂದ್ಯಗಳನ್ನೆಲ್ಲ ಕೈಯಾರೆ ಬಿಟ್ಟುಕೊಡುತ್ತಿದ್ದ. ಅಲ್ಲೂ ಜನ ತಂಡ ನಡೆಸುವ ಮ್ಯಾನೇಜರನಿಗೆ ಹಿಡಿಶಾಪ ಹಾಕುತ್ತಿದ್ದರು. ಒತ್ತಡವಿಲ್ಲದ ಹೊತ್ತಿನಲ್ಲಿ ಒಂದಷ್ಟು ದಿನ ಆಡಿಸಬೇಕು, ಧೈರ್ಯ ಮರಳಿದ ಮೇಲೆ ಕೊನೆಗೆ ತರಬೇಕು ಎಂಬುದು ಸೂಪರ್‌ವೈಸರ್ ಅವರ ವಾದ. ಆ ಎಸೆತಗಾರ ಮ್ಯಾನೇಜರನಿಗೆ ಏನಾಗಬೇಕು ಎಂದು ಕೇಳಿದೆ. ಏನೂ ಆಗಬೇಕಿಲ್ಲ ಎಂದರು. ಹಾಗಾದರೆ ಅವರದೂ ಒಂದು ಸಮಸ್ಯೆಯೇ?

ನನಗಿದ್ದ ಭಯ ಬೇರೆ. ತಂಗಿ ನನಗೆ ಒಬ್ಬಳೇ. ನಾಲ್ಕು ಜನರ ಎದುರು ನಾನು ಚೆಂಡು ಕಸಿದುಕೊಂಡು, ಭಾವ ಮುಖ ಗಂಟು ಹಾಕಿಕೊಂಡು ಮನೆಗೆ ಹೋದರೆ ಆ ಮುಖವನ್ನು ವಾರವಿಡೀ ನೋಡಬೇಕಾದವಳು ಅವಳು. ಲೀಗ್ ಹಾಳಾಗಿ ಹೋಗಲಿ, ಅವಳ ಸಂಸಾರದಲ್ಲಿ ನನ್ನಿಂದ ಕಿರಿಕಿರಿಯಾಗಬಾರದು ಎಂದು ಹಟ ಹಿಡಿದಿದ್ದೆ.

ಆ ಗುರುವಾರ ಸಂಜೆ ಇಬ್ಬರೂ ಓಲ್ಡ್ ಏರ್‌ಪೋರ್ಟಿನ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬಂದರು. ನನ್ನ ಹೆಂಡತಿ ಮೂರನೇ ಸಲ ಬಿರಿಯಾನಿ ತಂದಳು. ಭಾವ ಬೇಡ ಎಂದರು, ಅವಳು ಬಡಿಸಿಯೇಬಿಟ್ಟಳು. ನಾನು ನೀರು ತರಲು ಅಡುಗೆಮನೆಗೆ ಹೋದಾಗ ತಂಗಿ ಹಿಂದೆಯೇ ಬಂದಳು. ಮನೆಯಲ್ಲಿ ನಾವಾಡುವುದು ಬ್ಯಾರಿ ಭಾಷೆ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಅವರು ಬೇಡ ಅಂದ್ರೆ ಬೇಡ ಅಂತಲೇ ಅರ್ಥ. ಅನ್ನಕ್ಕೂ ಅಷ್ಟೇ, ನಿನ್ನ ಓವರಿಗೂ ಅಷ್ಟೇ. ಬುಧವಾರದಿಂದಲೇ ಶುಕ್ರವಾರ ಮಳೆ ಬರ್ತದಾ ಅಂತ ಫೋನಿನಲ್ಲಿ ನೋಡ್ತಾ ಇರ್ತಾರೆ."

"ಮತ್ತೆ ಯಾಕೆ ಹಾಕುದು?"

"ಹೆಂಡತಿ ಮನೆಯವರು ಅಷ್ಟು ಒತ್ತಾಯ ಮಾಡುವಾಗ ಹೇಗೆ ಇಲ್ಲ ಅನ್ನುದು ಅಂತ ನನ್ನನ್ನೇ ಕೇಳ್ತಾರೆ."

ಜಗ್ಗಿಗೆ ನೀರು ತುಂಬಿಸತೊಡಗಿದೆ. ಒಂಬತ್ತನೇ ಓವರ್ ಮುಗಿಯುವಾಗ ಭಾವ ಬಗ್ಗಿ ಶೂ ಲೇಸ್ ಕಟ್ಟುತ್ತ ಏಳದೇ ಇದ್ದದ್ದು, ಮತ್ತೊಂದು ವಾರ ನೀರು ಕುಡಿದು ಬರುತ್ತೇನೆಂದು ಕಾರಿಗೆ ಹೋಗಿ ಒಳಗಿನಿಂದ ಲಾಕ್ ಮಾಡಿಕೊಂಡದ್ದು ಎಲ್ಲ ನೆನಪಾಯಿತು. ಗಾಜು ಬಡಿದು ಕರೆದುಕೊಂಡು ಬಂದವನು ನಾನೇ. ಎಂಥ ಸಂಕೋಚದ ಹುಡುಗ, ತಂಗಿ ಪುಣ್ಯವಂತೆ ಎಂದು ಊರಿಗೆ ಫೋನ್ ಮಾಡಿ ಉಮ್ಮನ ಬಳಿ ಹೊಗಳಿದ್ದೆ ಬೇರೆ. ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಮರುದಿನ ಕೊನೆಯ ಓವರಿಗೆ ಎದುರಾಳಿಗಳಿಗೆ ಹನ್ನೊಂದು ಬೇಕಿತ್ತು. ಭಾವನ ಬಳಿ ಹೋಗಿ ಕೇಳಿದೆ.

"ಹಾಕ್ತೀರಾ ಭಾವ?"

"ಬೇಡ ಭಾವ."

"ಸರಿ," ಎಂದು ತಿರುಗಿದೆ.

ಭಾವ ಅಭ್ಯಾಸಬಲದಿಂದ ಆಗಲೇ ಅರ್ಧ ಕೈ ಚಾಚಿದ್ದರು. ಕೀಪರ್ ಗ್ಲೌಸ್ ತೊಟ್ಟ ಎರಡೂ ಕೈ ಎತ್ತಿ ಆಕಾಶಕ್ಕೆ ಮುಗಿದ. ಆದರೆ ಉಳಿದ ಬೌಲರುಗಳ ಓವರುಗಳೆಲ್ಲ ಮುಗಿದಿದ್ದವು. ಭಾವನನ್ನು ಬಿಟ್ಟರೆ ಉಳಿದವನು ನಾನೊಬ್ಬನೇ, ಮತ್ತು ನಾನು ಬೌಲಿಂಗ್ ಮಾಡದೆ ವರ್ಷಗಳಾಗಿದ್ದವು. ಮೊದಲನೆಯದು ಸಿಕ್ಸರ್. ಎರಡನೆಯದು ವೈಡ್, ಕೀಪರ್ ಹಾರಲು ನಿರಾಕರಿಸಿದ್ದರಿಂದ ಐದು ರನ್. ಇನ್ನೊಂದಕ್ಕೆ ಅವರು ಕಾಯಲೇ ಇಲ್ಲ, ಸ್ಟಂಪ್ ಕಿತ್ತುಕೊಂಡು ಹೊರಟರು.

ಬೌಂಡರಿಯಿಂದ ಭಾವ ಓಡಿ ಬಂದರು.

"ಎಂತ ಭಾವ ಇದು? ಇದು ಬೌಲಿಂಗಾ? ನನಗೆ ನಾಲ್ಕು ವಾರ ಫೀಲ್ಡಿಂಗ್ ಎಲ್ಲಿ ಇಡಬೇಕು ಅಂತ ಪಾಠ ಮಾಡಿದ್ದು ನೀವೇ ಅಲ್ವಾ? ನಾನಾದ್ರೂ ಆರು ಬಾಲ್ ಹಾಕಿ ಸೋಲ್ತಿದ್ದೆ."

ಅಂದುಬಿಟ್ಟು ಅವರೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ಬಂತು. ಅಂದು ಅವರು ಕಾರಿನ ಹಿಂದಿನ ಸೀಟಿನಲ್ಲಿ ಕೀಪರನ ಪಕ್ಕ ಕುಳಿತು, ಕರಕ್ ಚಹಾ ಕುಡಿಯುತ್ತ ನನ್ನ ಎರಡು ಎಸೆತಗಳನ್ನು ದಾರಿಯುದ್ದಕ್ಕೂ ಎಳೆಎಳೆಯಾಗಿ ಬಿಡಿಸಿಟ್ಟರು.

ಜುಮಾ ಮುಗಿಸಿ ಬಂದು ಊಟಕ್ಕೆ ಕುಳಿತಿದ್ದಾಗ ತಂಗಿಯ ಫೋನ್ ಬಂತು. ದನಿ ಸಣ್ಣದಾಗಿತ್ತು.

"ಇವರಿಗೆ ನೀನು ಎಂತ ಮಾಡಿದ್ದು? ಮನೆಗೆ ಬಂದಾಗಿನಿಂದ ನಿನ್ನನ್ನು ಬೈತಾ ಇದ್ದಾರೆ. ಒಂದು ಗಂಟೆಯಾಯ್ತು."

ಹಿಂದಿನಿಂದ ಭಾವನ ಸ್ವರ ಕೇಳಿಸುತ್ತಿತ್ತು. ನನಗೆ ಬೌಲಿಂಗ್ ಬರುವುದಿಲ್ಲವಂತೆ, ಕ್ಯಾಪ್ಟನ್ಸಿ ಮೊದಲೇ ಬರುವುದಿಲ್ಲವಂತೆ. ಸ್ವಂತ ಅಣ್ಣತಮ್ಮಂದಿರನ್ನು ಬೈಯುವ ಹಾಗೆ, ಬಾಯಿ ತುಂಬ ಬೈಯುತ್ತಿದ್ದರು. ನನ್ನ ಕಣ್ಣು ಒದ್ದೆಯಾಯಿತು.

"ಬೈಲಿ ಬಿಡು," ಎಂದೆ. "ನಡುವೆ ಬಾಯಿ ಹಾಕ್ಬೇಡ."