ಸುತ್ತಿಗೆ ಅಕ್ಕನ ಅಗ್ಗಿಷ್ಟಿಕೆ

ಇನ್ನೂ ನಸುಕು. ಕೆಡವಿದ ಮನೆಗಳ ಸಾಮಾನು ಮಾರುವ ಅಂಗಳಕ್ಕೆ ಬೇರೆ ಯಾರೂ ಬಂದಿಲ್ಲ. ಹಳೆಯ ಇಟ್ಟಿಗೆಗಳ ಗುಡ್ಡೆಯ ಮುಂದೆ ಗೋಣಿಚೀಲ ಹಾಸಿಕೊಂಡು ಐವತ್ತೆಂಟರ ಹೆಂಗಸೊಬ್ಬರು ಕೂತಿದ್ದಾರೆ. ಎಡಗೈಯಲ್ಲಿ ಇಟ್ಟಿಗೆ, ಬಲಗೈಯಲ್ಲಿ ಪುಟ್ಟ ಸುತ್ತಿಗೆ. ನಾಲ್ಕು ಪೆಟ್ಟು, ಎರಡು ಕೆರೆತ. ಅಂಟಿದ್ದ ಹಳೆಯ ಗಾರೆ ಉದುರುತ್ತದೆ, ಇಟ್ಟಿಗೆ ಪಕ್ಕದ ಸಾಲಿಗೆ ಸೇರುತ್ತದೆ. ಇಲ್ಲಿ ಎಲ್ಲರಿಗೂ ಅವರು ಸುತ್ತಿಗೆ ಅಕ್ಕ. ನಿಜವಾದ ಹೆಸರು ಕೇಳಿದರೆ ಮಾಲೀಕನೂ ತಲೆ ಕೆರೆದುಕೊಳ್ಳುತ್ತಾನೆ.

ದಿನಕ್ಕೆ ನಾನೂರು ಇಟ್ಟಿಗೆಯಂತೆ ಇಪ್ಪತ್ತಾರು ವರ್ಷ. ಎಷ್ಟೋ ಹೊಸ ಮನೆಗಳ ಗೋಡೆಯಲ್ಲಿ ಅವರ ಕೈ ತಾಗಿದ ಇಟ್ಟಿಗೆ ಇದೆ. ಆ ಮನೆಗಳ ಹೊಸ್ತಿಲನ್ನು ಅವರು ತುಳಿದದ್ದಿಲ್ಲ. ಬೆರಳ ತುದಿಗಳು ಸವೆದು ನುಣುಪಾಗಿವೆ. ಕೆಮ್ಮು ಬಂದರೆ ಮುಖ ಆಚೆ ತಿರುಗಿಸಿ, "ಧೂಳು, ಅಷ್ಟೇ" ಎನ್ನುತ್ತಾರೆ.

ಇಷ್ಟು ವರ್ಷದಲ್ಲಿ ಅಕ್ಕ ಒಂದು ಮೊಳ ಗೋಡೆಯನ್ನೂ ಕಟ್ಟಿದವರಲ್ಲ. ಕಟ್ಟುವುದು ಗಂಡನ ಕೆಲಸ. ಗಾರೆ ಮೇಸ್ತ್ರಿಯಾದ ಅವರು ಉಳ್ಳವರ ಹಿತ್ತಿಲುಗಳಲ್ಲಿ ಇಟ್ಟಿಗೆಯ ಅಗ್ಗಿಷ್ಟಿಕೆ ಕಟ್ಟುವುದರಲ್ಲಿ ಎತ್ತಿದ ಕೈ. ಮೂರು ಕಡೆ ಗೋಡೆ, ನಡುವೆ ಬೆಂಕಿ, ಮೇಲೆ ಹೊಗೆಗೂಡು. ಹೊಗೆ ಕೂತವರ ಕಣ್ಣಿಗೆ ಬಾರದೆ ನೆಟ್ಟಗೆ ಮೇಲೇಳಬೇಕು. ಸ್ವಂತ ಹಿತ್ತಿಲಿಗೆ ಮಾತ್ರ ದೀಪದ ಬುಡದ ಕತ್ತಲೆ.

"ನಮಗೂ ಒಂದು ಕಟ್ತೀನಿ ಬಿಡೇ ಅಂತಿದ್ರು. ಪ್ರತಿ ಚಳಿಗೂ ಅಂತಿದ್ರು, ಚಳಿ ಹೋದ್ಮೇಲೆ ಮರೀತಿದ್ರು."

ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಮೇಸ್ತ್ರಿಯ ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮೈಯಲ್ಲಿ ಸದಾ ಚಳಿಯ ನಡುಕ. ಕೋಣೆಯಲ್ಲಿ ಕೆಂಡದ ಬಾಣಲೆ ಇಟ್ಟರೆ ಹೊಗೆಗೆ ಉಸಿರು ಕಟ್ಟುತ್ತದೆ. ಒಳಗೆ ಕೂರಲು ಒಪ್ಪುವುದೂ ಇಲ್ಲ. ಎಡಗೈಯಲ್ಲಿ ಊರುಗೋಲು ಹಿಡಿದು ದಿನವಿಡೀ ಹಿತ್ತಿಲ ಬಾಗಿಲಲ್ಲೇ ಕೂತಿರುತ್ತಾರೆ. ಬರುವ ಚಳಿ ದಾಟುವುದು ಕಷ್ಟವೆಂದು ಡಾಕ್ಟರು ಅಕ್ಕನನ್ನು ಆಚೆ ಕರೆದು ಹೇಳಿದರು. ಗಂಡ ಮಾತು ಕೊಟ್ಟಿದ್ದ ಅಗ್ಗಿಷ್ಟಿಕೆಯನ್ನು ತಾನೇ ಕಟ್ಟಬೇಕೆಂದು ಅಕ್ಕ ನಿಶ್ಚಯಿಸಿದ್ದು ಆ ದಿನವೇ.

ಮಾಲೀಕ ಮೂಲೆಯೊಡೆದ ಇಟ್ಟಿಗೆಗಳನ್ನು ಒಯ್ಯಲು ಬಿಟ್ಟ. ಊಟದ ಚೀಲದಲ್ಲಿ ದಿನಕ್ಕೆ ನಾಲ್ಕು. ಎಪ್ಪತ್ತು ದಿನಕ್ಕೆ ಇನ್ನೂರೆಂಬತ್ತು. ಪಕ್ಕದ ಮನೆಯ ಹೆಂಗಸು ನಕ್ಕಳು. "ಅಲ್ಲ ಕಣೇ ಅಕ್ಕಾ, ಜನ್ಮವೆಲ್ಲ ಗೋಡೆ ಬಿಡಿಸಿದೋಳು ನೀನು. ನಿನ್ನ ಕೈಲಿ ಗೋಡೆ ನಿಲ್ಲುತ್ತಾ?"

ನಿಲ್ಲಲಿಲ್ಲ. ಮೊದಲ ಗೋಡೆ ಮೊಣಕಾಲೆತ್ತರಕ್ಕೆ ಬಂದಾಗ ಮೇಸ್ತ್ರಿ ಕಾಲೆಳೆದುಕೊಂಡು ಬಂದು ಕೋಲಿನಿಂದ ತಳ್ಳಿದರು. ಇಟ್ಟಿಗೆಗಳು ಒಂದೊಂದಾಗಿ ಕಳಚಿ ಬಿದ್ದವು. ಎರಡನೆಯದನ್ನೂ ತಳ್ಳಿದರು.

"ಕಾಯಿಲೆಗೆ ಬುದ್ಧಿಯೂ ಹೋಯ್ತೇನೋ ಅಂದ್ಕೊಂಡೆ. ನಲ್ಲಿ ಹತ್ರ ಕೂತು ಅತ್ತುಬಿಟ್ಟೆ. ಕೈ ತೊಳೆದು, ಬಿದ್ದಿದ್ದ ಇಟ್ಟಿಗೆ ನೋಡ್ತೀನಿ, ಎಲ್ಲ ಶುದ್ಧವಾಗಿವೆ. ಗಾರೆನೇ ಇಲ್ಲ."

ಆಗ ಗೊತ್ತಾಯಿತು. ಕರಣೆಯಿಂದ ಗಾರೆ ಹಾಕಿದ ಮರುಕ್ಷಣ ಅಕ್ಕನ ಕೈ ಅದೇ ಕರಣೆಯಿಂದ ಅದನ್ನು ಕೆರೆದು ತೆಗೆಯುತ್ತಿತ್ತು. ಮೇಸ್ತ್ರಿ ಗೋಡೆ ತಳ್ಳಿದ್ದೂ ಅದಕ್ಕೇ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಹೊಟ್ಟೆಪಾಡಿನ ಗುಣವೂ ಅಷ್ಟೇ. ಇಟ್ಟಿಗೆಯ ಮೇಲೆ ಗಾರೆ ಕಂಡರೆ ಆ ಕೈಗೆ ತಡೆಯದು.

ಮಾರನೆಯ ದಿನ ಮೇಸ್ತ್ರಿ ಕೋಲು ಕೆಳಗಿಟ್ಟು ಎಡಗೈಯ ಕಿರುಬೆರಳನ್ನು ಇಟ್ಟಿಗೆಯ ಮೇಲೆ ಅಡ್ಡ ಮಲಗಿಸಿ ತೋರಿಸಿದರು. ಗಾರೆ ಅಷ್ಟು ದಪ್ಪ ಇರಬೇಕು. ಅಂದಿನಿಂದ ಅಕ್ಕ ಗಾರೆ ಹಾಕಿದೊಡನೆ, ಕೈ ಮತ್ತೆ ಕೆರೆಯದಿರಲೆಂದು, ಕರಣೆಯನ್ನು ದೂರ ಎಸೆಯುತ್ತಿದ್ದರು. ಪ್ರತಿ ಇಟ್ಟಿಗೆಗೂ ಎದ್ದು ಹೋಗಿ ತರುವುದು, ಮತ್ತೆ ಎಸೆಯುವುದು. ಸೊಂಟ ಬಿದ್ದುಹೋಯಿತು.

ಈಗ ಅಗ್ಗಿಷ್ಟಿಕೆ ಎದೆಯೆತ್ತರ ನಿಂತಿದೆ, ಸ್ವಲ್ಪ ಎಡಕ್ಕೆ ವಾಲಿ. ಹಸಿ ಗೋಡೆ ಒಮ್ಮೆಲೇ ಬೆಂಕಿ ಕಂಡರೆ ಬಿರಿಯುತ್ತದೆ. ಹಾಗಾಗಿ ಎರಡು ವಾರ ಕಡ್ಡಿಪುಳ್ಳೆಯ ಉರಿ ಮಾತ್ರ. ಇನ್ನೂ ಒಂಬತ್ತು ದಿನ ಉಳಿದಿವೆ. ಚಳಿ ಆಗಲೇ ಜೋರಾಗಿದೆ, ಮೇಸ್ತ್ರಿಯ ಊಟ ಎರಡು ತುತ್ತಿಗೆ ಬಂದಿದೆ. ಅಕ್ಕ ಒಂದೊಂದೇ ಕಡ್ಡಿ ಇಡುತ್ತಾ ಬಾಗಿಲ ಕಡೆ ತಿರುಗಿ ನೋಡುತ್ತಾರೆ. ಆ ಒಂಬತ್ತು ದಿನ ಸಿಗುತ್ತವೋ ಇಲ್ಲವೋ ಎಂದು ಅಕ್ಕನಿಗೆ ಭಯವಾಗಿದೆ.

"ಈ ಸಲ ಅವರು ಕೋಲು ಎತ್ತಲಿಲ್ಲ. ಗೋಡೆ ಸರಿಯಿದೆ ಅಂತಲೋ, ಎತ್ತೋಕೆ ತ್ರಾಣ ಇಲ್ಲ ಅಂತಲೋ, ನಾನು ಕೇಳೋಕೆ ಹೋಗಿಲ್ಲ."

ಆಸೆ ಏನೆಂದು ಕೇಳಿದರೆ, ಅಂಗಳದಲ್ಲಿ ಸುತ್ತಿಗೆ ಒಂದು ಕ್ಷಣ ನಿಲ್ಲುತ್ತದೆ.

"ಒಂದೇ ಒಂದು ದಿನ ಸೌದೆ ತುಂಬಿಸಿ ಉರಿ ಹಾಕ್ಬೇಕು, ಅವರ ಮೈ ಬೆಚ್ಚಗಾಗ್ಬೇಕು. ಆಮೇಲೆ ಯಾರಾದ್ರೂ ಕೆಡವ್ಕೊಳ್ಳಲಿ. ಆದ್ರೆ ಆ ಇಟ್ಟಿಗೆ ಶುದ್ಧ ಮಾಡೋಕೆ ಕೂರೋಳ ಪಾಡು ಬೇಡ. ನನ್ನ ಗಾರೆ ನಾಲ್ಕು ಪೆಟ್ಟಿಗೆ ಬಿಡೋದಲ್ಲ."