ಪೊಲೀಸರು ಗೆಲ್ಲೂ ಆಟ

ಗೆಳೆಯರ, ನಿಪ್ಪಾಣಿ ಇನ್ನ ಮ್ಯಾಲ ಸುಧಾರಿಸ್ತೈತಿ. ಇವತ್ತ ಪೊಲೀಸ್ ಠಾಣೆದ ಫೌಜದಾರ್ ಸಾಹೇಬ್ರು ನನ್ನ ವಿಡಿಯೋ ಗೇಮ್ ಅಂಗಡಿಗೆ ಬಂದು, ಬ್ಯಾಂಕ್ ಲೂಟಿ ಮಾಡಿ ಕಾರಿನ್ಯಾಗ ಓಡಿಹೋಗೂ ಆಟಾ ಬಂದ್ ಮಾಡಿಸಿದ್ರು.

"ಸರಕಾರದ ಹುಕುಂ ಐತಿ. ಇದನ್ನ ಆಡಿ ಹುಡುಗ್ರು ಕಳ್ಳರಾಗ್ತಾರ" ಅಂದ್ರು.

ಬಾಜೂಕಿನ ಬೋರಗಾಂವದ ಮಗ್ಗದಾಗ ದುಡಿಯೂ ಹುಡುಗ್ರು ನನ್ನ ಅಂಗಡಿಗೆ ಬರೂದ ಆ ಆಟಕ್ಕ. "ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ ಸಾಹೇಬ್ರ" ಅಂತ ಕೈ ಮುಗಿದೆ.

ಅವರಿಗೆ ಕರುಣೆ ಬಂತು. "ಪೊಲೀಸ್ರು ಕಳ್ಳನ್ನ ಹಿಡಿಯೂ ಆಟ ಇದ್ರ ಹಚ್ಚು. ಯಾರ ಬ್ಯಾಡ ಅಂತಾರ?"

ಕಪಾಟಿನಾಗಿಂದ ಅಂಥಾದೊಂದು ಕ್ಯಾಸೆಟ್ ತಗದು, ಧೂಳ ಜಾಡಿಸಿ ತೋರಿಸಿದೆ.

"ಮತ್ತ ಇದನ್ನ ಹಚ್ಚಾಕ ಏನ್ ಧಾಡಿ ನಿನಗ?"

"ಹಚ್ಚಿದ್ದೆರಿ. ಒಬ್ರೂ ನಂಬಲಿಲ್ರಿ."

ಅಂಗಡಿಗೆ ಕೀಲಿ ಬಿತ್ತು. ಯಾವ ಕಾಯ್ದೆ ಪ್ರಕಾರ ಅಂತ ಕೇಳಿದೆ. ಸಾಹೇಬ್ರು ಇನ್ನೂ ಹುಡುಕಾಕತ್ತಾರಂತ.