ಹಲಗೆಯಿಂದ ಬಿಡಿಸಿದ ಕೌದಿ

ನೌಬಾದದಲ್ಲಿ ನಮ್ಮ ಪಕ್ಕದ ಮನೆಯಲ್ಲೊಬ್ಬ ಚಿತ್ರಕಾರರಿದ್ದರು. ಬೆಳಿಗ್ಗೆ ಭಾಲ್ಕಿಯ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರಿಕೆ, ಮಧ್ಯಾಹ್ನ ಅಂಗಡಿಗಳ ಬೋರ್ಡು ಬರೆಯುವುದು, ಲಗ್ನದ ದಿನಗಳಲ್ಲಿ ಮಂಟಪದ ಅಲಂಕಾರ. ಉಳಿದ ಹೊತ್ತಿನಲ್ಲಿ ಹಳೆಯ ಬಟ್ಟೆ, ತಗಡು, ಕಟ್ಟಿಗೆ ಚೂರುಗಳನ್ನು ಹಲಗೆಗೆ ಅಂಟಿಸಿ, ಬಣ್ಣ ಬಳಿದು ಚಿತ್ರ ಮಾಡುತ್ತಿದ್ದರು. ಯಾರು ಏನು ಬಿಸಾಡಹೋದರೂ "ಇರಲಿ ಕೊಡ್ರಿ, ಕೆಲಸಕ್ಕ ಬರ್ತದ" ಎಂದು ಕೈಚಾಚುತ್ತಿದ್ದರು.

ಬರದ ವರ್ಷ ಅವರು ಔರಾದಕ್ಕೆ ಬೋರ್ಡು ಬರೆಯಲು ಹೋಗಿದ್ದಾಗ, ಪುಣೆಗೆ ದುಡಿಯಲು ಹೊರಟಿದ್ದ ಹೆಣ್ಣುಮಗಳೊಬ್ಬಳು ಟೆಂಪೋದಲ್ಲಿ ಹಿಡಿಯದ, ಹಳೆ ಸೀರೆ ತುಂಡುಗಳಿಂದ ಹೊಲಿದ ಕೌದಿಯನ್ನು ಅವರಿಗೆ ಕೊಟ್ಟಳು. ಅದನ್ನು ಹಲಗೆಗೆ ಅಂಟಿಸಿ, ಬಣ್ಣ ಬಳಿದದ್ದೇ ಅವರ ಅತಿ ದೊಡ್ಡ ಚಿತ್ರವಾಯಿತು. ಹೈದರಾಬಾದಿನವರೊಬ್ಬರು ಅದನ್ನು ಕೊಳ್ಳಲು ಒಪ್ಪಿ ಹೋದರು. ಅವರು ಒಯ್ಯಲು ಬರುವ ಮೊದಲೇ, ಕೌದಿ ಕೊಟ್ಟಿದ್ದ ಆಕೆ ಪುಣೆಯಿಂದ ಮರಳಿ, ಹುಡುಕಿಕೊಂಡು ಬಂದಳು.

"ನಮ್ಮವ್ವ ತೀರಿಕೊಂಡಳ್ರಿ ಅಣ್ಣಾ. ಆಕಿ ಹೊಲಿದದ್ದು ಅದೊಂದೇ ಉಳದದ."

ಚಿತ್ರಕಾರರು ಚಿತ್ರವನ್ನು ಗೋಡೆಯಿಂದ ಇಳಿಸಿದರು. ನನ್ನಿಂದ ಬಿಸಿನೀರು ತರಿಸಿ, ಅಂಚಿನಿಂದ ನೆನೆಸುತ್ತ ಕೌದಿಯನ್ನು ಹಲಗೆಯಿಂದ ಬಿಡಿಸತೊಡಗಿದರು.

"ಹೈದರಾಬಾದಿನವರಿಗೆ ಏನ್ ಹೇಳ್ತೀರಿ?" ಎಂದೆ.

"ಬ್ಯಾರೆ ಮಾಡಿಕೊಡ್ತೇನಿ ಅಂತ ಹೇಳ್ತೇನ್ರಿ. ಒಪ್ಪಿದ್ರ ಒಪ್ಪಲಿ."

ಬಣ್ಣ ಪೂರ್ತಿ ಹೋಗಲಿಲ್ಲ. ಆಕೆ ಒದ್ದೆ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು: "ಗ್ವಾಡಿ ಮ್ಯಾಲ ನೋಡಿದಾಗಲೇ ತಿಳೀತ್ರಿ, ಅವ್ವ ಇಷ್ಟು ಚಂದ ಹೊಲಿದಿದ್ಳು ಅಂತ. ನಾವು ಬರೇ ಹೊಚ್ಕೊಂಡು ಮಲಗ್ತಿದ್ವಿ."

ಹೈದರಾಬಾದಿನವರು ಬೇರೆ ಚಿತ್ರ ಒಪ್ಪಲಿಲ್ಲ. ಆದರೆ ಎಷ್ಟೋ ದಿನ, ಭಾಲ್ಕಿ ಬಸ್ಸಿಗೆ ಕಾಯುತ್ತ ನಿಂತಾಗ, ಚಿತ್ರಕಾರರು ಆಕೆಯ ಮಾತನ್ನೇ ನನಗೆ ಹೇಳುತ್ತಿದ್ದರು. "ನನ್ನ ಚಿತ್ರ ನೋಡಿ ಯಾರೂ ಹಂಗ ಅಂದಿರಲಿಲ್ರಿ."